ಒಂಬತ್ತನೇ ಕೊಕ್ಕೆ

ಆ ವಾರ ನನ್ನ ಕೈಯಲ್ಲಿ ಒಂದು ಚಕ್ರವೂ ನೆಟ್ಟಗಾಗಲಿಲ್ಲ.

ಹನ್ನೊಂದು ವರ್ಷದಿಂದ ಸೈಕಲ್ ಚಕ್ರ ಕಟ್ಟುತ್ತಿದ್ದೇನೆ. ಮೂವತ್ತಾರು ಕಡ್ಡಿ, ಒಂದು ರಿಮ್ಮು, ಒಂದು ಪುಟ್ಟ ಕೀಲಿ. ಕಣ್ಣು ಮುಚ್ಚಿಕೊಂಡು ಕಟ್ಟಬಲ್ಲೆ ಎಂದು ಜಂಬ ಕೊಚ್ಚಿಕೊಂಡವಳು ನಾನೇ. ಆದರೆ ಆ ಗುರುವಾರ ಒಂದು ಹಿಂಚಕ್ರ ಎಡಕ್ಕೆ ಬಿಗಿದರೆ ಬಲಕ್ಕೆ ವಾಲಿತು, ಬಲಕ್ಕೆ ಬಿಗಿದರೆ ಎಡಕ್ಕೆ. ಜಪ್ಪಯ್ಯ ಅಂದರೂ ದಾರಿಗೆ ಬರಲಿಲ್ಲ. ಸಾಕು, ಚೆನ್ನಾಗಿಯೇ ಇದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಸೈಕಲ್ಲಿಗೆ ಹಾಕಿ ಕಳಿಸಿದೆ.

ಅರ್ಧ ಗಂಟೆಯಲ್ಲಿ ವಾಪಸ್ ಬಂತು. ಹ್ಯಾಂಡಲ್ಲಿಗೆ ಕಟ್ಟಿದ ಚೀಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹೊಸಬನ ದುಂಡನೆಯ ಅಕ್ಷರ: "ಎಡಕ್ಕೆ ಎರಡು ಮಿಲಿಮೀಟರ್ ವಾಲುವ ಮನಸ್ಸಿದೆ. ದಯವಿಟ್ಟು ನೋಡಿ."

ತಮ್ಮ ರಿಪೇರಿಯನ್ನು ತಾವೇ ಪರೀಕ್ಷಿಸುವಂತಿಲ್ಲ ಎನ್ನುವುದು ನಮ್ಮ ಅಂಗಡಿಯ ಪದ್ಧತಿ. ಇನ್ನೊಬ್ಬರು ಓಡಿಸಿ ನೋಡಿ, ಚೀಟಿ ಬರೆದು ಕಟ್ಟಬೇಕು. ನನ್ನ ಕೆಲಸಕ್ಕೆ ಅವನು, ಅವನ ಕೆಲಸಕ್ಕೆ ನಾನು. ಒಂದು ವರ್ಷ ಹೀಗೇ ಕಳೆದಿತ್ತು. ಯಾವ ಸೈಕಲ್ ಬಂದರೂ ಮೊದಲು ಬೆಲ್ಲು ಬಾರಿಸಿ ನೋಡುತ್ತಾನೆಂದು ಅವನಿಗೆ ಗಂಟೆ ಎಂಬ ಅಡ್ಡಹೆಸರು ಬಿದ್ದಿತ್ತು. "ಬ್ರೇಕ್ ಸರಿ, ಬೆಲ್ಲಿಗೆ ನೆಗಡಿ" ಎಂದು ಅವನು ಬರೆಯುತ್ತಿದ್ದ. "ನೆಗಡಿ ಬೆಲ್ಲಿಗಲ್ಲ, ನಿಮ್ಮ ಕಿವಿಗೆ" ಎಂದು ನಾನು ಬರೆಯುತ್ತಿದ್ದೆ. ಬೆಂಚಿನ ಆ ತುದಿಯಲ್ಲಿ ಅವನು ಚೀಟಿ ಓದಿ, ತಲೆ ಎತ್ತದೆ, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗುತ್ತಿದ್ದ. ಆ ಮೂಲೆ ಕಾಣುವ ಹಾಗೆ ನಾನು ನನ್ನ ಸ್ಟ್ಯಾಂಡನ್ನು ಯಾವಾಗ ತಿರುಗಿಸಿಟ್ಟುಕೊಂಡೆನೋ ನನಗೇ ಗೊತ್ತಿಲ್ಲ. ಆ ಚೀಟಿಗಳೆಲ್ಲ ಈಗಲೂ ನನ್ನ ಸಲಕರಣೆಯ ಡಬ್ಬದ ತಳದಲ್ಲಿವೆ.

ನಮ್ಮವು ಒಟ್ಟು ಐದು ಅಂಗಡಿ, ಒಂದಕ್ಕೂ ಯಜಮಾನರಿಲ್ಲ. ದುಡಿಯುವವರೇ ಮಾಲೀಕರು. ಹೊಸ ಸೈಕಲ್ ಮಾರುತ್ತೇವೆ, ಹಳೆಯವನ್ನು ಬಿಚ್ಚಿ ಹೊಸದಾಗಿ ಕಟ್ಟಿ ಆರು ತಿಂಗಳ ಗ್ಯಾರಂಟಿಯ ಮೇಲೆ ಕೊಡುತ್ತೇವೆ, ಶನಿವಾರ ಬಂದವರಿಗೆ ತಮ್ಮ ಪಂಕ್ಚರನ್ನು ತಾವೇ ಹಾಕಿಕೊಳ್ಳುವುದನ್ನು ಕಲಿಸುತ್ತೇವೆ. ಕಲಿತವರು ಮತ್ತೆ ರಿಪೇರಿಗೆ ಬರುವುದಿಲ್ಲವಲ್ಲ ಎಂದು ಹೊರಗಿನವರು ನಗುತ್ತಾರೆ. ಬರುತ್ತಾರೆ, ಜೊತೆಗೆ ಅಕ್ಕಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ.

ನಮ್ಮ ಅಂಗಡಿಯ ಒಳಗೋಡೆಯ ಮೇಲೆ ಎಂಟು ಮಾಲೀಕರಿಗೆ ಎಂಟು ಕೊಕ್ಕೆ, ಏಪ್ರನ್ ತೂಗಿಹಾಕಲು. ಒಂಬತ್ತನೆಯದು ಖಾಲಿ. ಹೊಸಬರು ಒಂದು ವರ್ಷ ಬಾಗಿಲ ಹಿಂದಿನ ಮೊಳೆಗೆ ಏಪ್ರನ್ ಸಿಕ್ಕಿಸಬೇಕು. ವರ್ಷ ತುಂಬಿದ ಮೇಲೆ ಎಲ್ಲರೂ ಸೇರಿ ಕೈ ಎತ್ತುತ್ತೇವೆ. ಎಂಟರಲ್ಲಿ ಆರು ಕೈ ಎದ್ದರೆ ಕೊಕ್ಕೆ ಅವರದು, ಅಂಗಡಿಯೂ ಅವರದು.

ಗಂಟೆಗೆ ಸೋಮವಾರ ಬೆಳಿಗ್ಗೆ ವರ್ಷ ತುಂಬುತ್ತಿತ್ತು. ಇದಕ್ಕೆ ಮುಂಚೆ ನಾಲ್ಕು ಕಡೆ ಕೆಲಸ ಮಾಡಿ ನಾಲ್ಕೂ ಕಡೆ ನಿಧಾನ ಎನ್ನಿಸಿಕೊಂಡು ಹೊರಬಿದ್ದವನು. ಯಾರೂ ನೋಡುತ್ತಿಲ್ಲ ಎಂದುಕೊಂಡು ಒಮ್ಮೆ ಆ ಖಾಲಿ ಕೊಕ್ಕೆಯ ತುಕ್ಕನ್ನು ಉಜ್ಜಿ ಒರೆಸುತ್ತಿದ್ದುದನ್ನು ನಾನು ನೋಡಿದ್ದೆ. ನನ್ನ ನಿದ್ದೆ ಕೆಟ್ಟದ್ದು ಅವತ್ತಿನಿಂದ.

ಯಾಕೆಂದರೆ ನಮ್ಮ ನಿಯಮದ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಮಾತಿದೆ. ಮೊದಲ ಅಂಗಡಿ ತೆರೆದವರಲ್ಲಿ ಒಬ್ಬರಾದ, ನಾವೆಲ್ಲ ದೊಡ್ಡಮ್ಮ ಎನ್ನುವ ಹಿರಿಯಾಕೆ ತಮ್ಮ ಕೈಯಿಂದಲೇ ಬರೆದದ್ದು: "ಬಂದವರ ರಕ್ತಸಂಬಂಧಿಗಳು, ಬಾಳಸಂಗಾತಿ, ಅಥವಾ ಅವರಲ್ಲಿ ಮನಸ್ಸಿಟ್ಟವರು ಕೈ ಎತ್ತುವಂತಿಲ್ಲ. ಎದ್ದು ಹೊರಗೆ ಹೋಗಬೇಕು. ಯಾಕೆಂದು ಯಾರೂ ಕೇಳಬಾರದು."

ಯಾಕೆ ಕೇಳುತ್ತಾರೆ? ಎದ್ದು ಹೋದರೇ ಗೊತ್ತಾಗುವುದಿಲ್ಲವೇ!

ನಾನು ಕೈಗಳನ್ನು ನೂರು ಸಲ ಎಣಿಸಿದೆ. ಶನಿವಾರದ ಪಾಠ ನಡೆಸುವ ಮೇಷ್ಟ್ರು ಎತ್ತುವುದಿಲ್ಲ. ಒಂದು ಬೆಲ್ಲಿಗೆ ಎರಡು ಗಂಟೆ ಹಿಡಿಯುವವನನ್ನು ಕಟ್ಟಿಕೊಂಡು ಅಂಗಡಿ ನಡೆಸಲಾಗುವುದಿಲ್ಲ ಎಂದು ಎಲ್ಲರೆದುರಿಗೇ ಹೇಳಿದ್ದರು. ಪೇಂಟರ್ ಅಂತೂ ಆ ಮೇಷ್ಟ್ರ ನೆರಳು, ಅವನೂ ಎತ್ತುವುದಿಲ್ಲ. ಉಳಿದದ್ದು ಆರು ಕೈ, ದೊಡ್ಡಮ್ಮನದೂ ನನ್ನದೂ ಸೇರಿ. ನಾನು ಎದ್ದು ಹೋದರೆ ಐದು.

ಕೂತೇ ಇದ್ದು ಕೈ ಎತ್ತಿಬಿಟ್ಟರೆ? ನನ್ನ ಮನಸ್ಸಿನೊಳಗೆ ಯಾರೂ ಇಣುಕಿ ನೋಡಿಲ್ಲ. ಅವನಿಗಂತೂ ಎಳ್ಳಷ್ಟೂ ಗೊತ್ತಿಲ್ಲ. ಅವನ ಮನಸ್ಸಿನಲ್ಲಿ ಏನಿದೆಯೋ ಅದು ನನಗೂ ಗೊತ್ತಿರಲಿಲ್ಲ. ಚೀಟಿಯಲ್ಲಿ ತಮಾಷೆ ಮಾಡುವವರೆಲ್ಲ ಪ್ರೀತಿಸುತ್ತಾರೆಯೇ? ಅವನ ಕೊಕ್ಕೆಯನ್ನೂ ಕಳೆದು, ಏಳು ಜನರ ಮುಂದೆ ನನ್ನ ಮರ್ಯಾದೆಯನ್ನೂ ಕಳೆದುಕೊಂಡು, ಕೊನೆಗೆ ಅವನು ನಿಮಗೇನು ಹುಚ್ಚಾ ಎಂದುಬಿಟ್ಟರೆ?

ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಏನೇನೋ ಮಾತಾಡಿ, ಮುಖ್ಯವಾದದ್ದನ್ನು ಬಿಟ್ಟು, ಹೊರಡಲು ಎದ್ದೆ. ಚಪ್ಪಲಿ ಮೆಟ್ಟುವಾಗ ಅವರೇ ಕೇಳಿದರು.

"ಕೈ ಎಣಿಸಿದ್ದೀಯಾ?"

"ಎಣಿಸಿದೀನಿ, ದೊಡ್ಡಮ್ಮ."

"ಆ ನಿಯಮ ಬರೆದ ಮೇಲೆ ನಾನೂ ಒಂದ್ಸಲ ಎದ್ದು ಹೊರಗೆ ಹೋಗಿದ್ದೆ ಕಣೆ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಸೋಮವಾರ ಶಟರ್ ಅರ್ಧ ಎತ್ತಿ ಒಳಗೆ ಸೇರಿದೆವು. ಅವನು ಮಧ್ಯದ ಸ್ಟೂಲಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆ ಹೆಣ್ಣಿನ ಹಾಗೆ ಕೂತಿದ್ದ. ನನ್ನತ್ತ ನೋಡಿ ಹುಬ್ಬು ಹಾರಿಸಿದ. ನೀವಿದ್ದೀರಲ್ಲ ಎನ್ನುವ ಧೈರ್ಯ ಆ ಹುಬ್ಬಿನಲ್ಲಿತ್ತು.

ದೊಡ್ಡಮ್ಮ "ಕೈ ಎತ್ತಿ" ಅನ್ನುವ ಮೊದಲೇ ನಾನು ಎದ್ದೆ. ಪೇಂಟರ್ ಬಾಯಿ ತೆರೆದವನು ಮುಚ್ಚಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ಎಲ್ಲರಿಗೂ ಅರ್ಥವಾಗಿತ್ತು. ಆಗದವನು ಒಬ್ಬನೇ, ಸ್ಟೂಲಿನ ಮೇಲೆ ಕೂತವನು.

ಹಿತ್ತಲಿನಲ್ಲಿ ಗುರುವಾರದ ಆ ಹಾಳು ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸುತ್ತ ನಿಂತೆ. ಐದು ನಿಮಿಷಕ್ಕೆ ಅವನು ಬಂದ. ಮುಖ ಸಪ್ಪೆಯಾಗಿತ್ತು.

"ಐದು ಕೈ," ಎಂದ. "ಒಂದು ಕಮ್ಮಿ."

"ಗೊತ್ತು."

"ಮೇಷ್ಟ್ರು ಎತ್ತಲ್ಲ ಅಂತ ಗೊತ್ತಿತ್ತು. ನೀವು ಎದ್ದು ಹೋಗ್ತೀರ ಅಂತ ಮಾತ್ರ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನನ್ನ ಕೆಲಸ ಅಷ್ಟು ಕೆಟ್ಟದಾಗಿತ್ತಾ?"

"ಕೆಲಸಕ್ಕಲ್ಲ. ನಿಯಮದ ಪುಸ್ತಕ ಓದಿದೀರಾ?"

"ಓದಿದೀನಿ."

"ಪೂರ್ತಿ?"

ಅವನು ತಲೆ ಕೆರೆದುಕೊಂಡ. "ಬ್ರೇಕಿನ ವಿಷಯದವರೆಗೆ."

ತಲೆ ಚಚ್ಚಿಕೊಳ್ಳುವಂತಾಯಿತು. ಇಡೀ ವಾರ ನಾನು ಬೆಂದದ್ದು ಈ ಮಹಾನುಭಾವನಿಗಾಗಿ. ಹೋಗಿ ಕೊನೆಯ ಪುಟ ಓದಿಕೊಂಡು ಬನ್ನಿ ಎಂದೆ. ಹೋದ.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವನು ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟು ಓದಿದ. ಮತ್ತೆ ಮೊದಲಿನಿಂದ ಓದಿದ. ಸುತ್ತ ಏಳು ಜನ ಕೆಲಸ ಮಾಡುವ ನಾಟಕ ಮಾಡುತ್ತಿದ್ದರು. ಪೇಂಟರ್ ಒಣಗಿದ ಮಡ್‌ಗಾರ್ಡಿಗೆ ಮತ್ತೆ ಬಣ್ಣ ಬಳಿಯುತ್ತಿದ್ದ. ನಾನು ಓಡಿಹೋಗೋಣ ಎಂದುಕೊಂಡೆ, ಆದರೆ ಹಿತ್ತಲಿಗೆ ಬೇರೆ ಬಾಗಿಲಿರಲಿಲ್ಲ.

ಅವನು ಬಂದು ನನ್ನನ್ನು ನೋಡಲಿಲ್ಲ. ಚಕ್ರವನ್ನು ಒಂದು ಸುತ್ತು ತಿರುಗಿಸಿ ಬಗ್ಗಿ ನೋಡಿದ. ಕಿವಿಯ ತುದಿ ಕೆಂಪಾಗಿತ್ತು.

"ಈ ಅಂಗಡೀಲಿ ಎಲ್ಲರೂ ನಿಮ್ಮನ್ನ ಚಕ್ರಕ್ಕ ಅಂತಾರೆ. ನಿಮಗಿಂತ ದೊಡ್ಡೋರೂ ಅಂತಾರೆ," ಎಂದ ಚಕ್ರಕ್ಕೇ ಹೇಳುವವನಂತೆ. "ನಾನು ಒಂದು ದಿನ ಆದ್ರೂ ಅಂದೆನಾ?"

"ಇಲ್ಲ. ಕೊಬ್ಬು ಅಂದ್ಕೊಂಡಿದ್ದೆ."

"ಬಾಯಿಗೆ ಬಂದಾಗೆಲ್ಲ ನುಂಗ್ಕೊಂಡಿದೀನಿ. ಒಂದ್ಸಲ ಅಕ್ಕ ಅಂದ್ಬಿಟ್ರೆ ಆಮೇಲೆ ಮಿಕ್ಕಿದ್ದು ಹೇಗೆ ಹೇಳೋದು?"

ಈಗ ತಲೆ ಎತ್ತಿ ನೋಡಿದ. ಈ ಸಲ ನಗು ತುಟಿಯ ಎರಡೂ ಮೂಲೆಗೆ ಹರಡಿತ್ತು, ಕಣ್ಣಲ್ಲಿ ಮಾತ್ರ ನೀರಿತ್ತು. ಕೊಕ್ಕೆ ಕೈತಪ್ಪಿದ ನೋವು ಎಲ್ಲಿಗೂ ಹೋಗಿರಲಿಲ್ಲ. ನಾನು ಅತ್ತುಬಿಟ್ಟೆ. ಬೆರಳಿಗೆಲ್ಲ ಗ್ರೀಸು, ಕಣ್ಣು ಒರೆಸಿಕೊಂಡದ್ದಕ್ಕೆ ಮುಖವೆಲ್ಲ ಕಪ್ಪಾಯಿತು. ಅವನು ತನ್ನ ಇಸ್ತ್ರಿ ಅಂಗಿಯ ತೋಳಿನಿಂದ ಅದನ್ನು ಒರೆಸಿದ.

ಒಂದು ಅಂಗಡಿ ಬೇಡವೆಂದವರನ್ನು ಬೇರೆ ಅಂಗಡಿಯವರು ಇನ್ನೂ ಆರು ತಿಂಗಳು ನೋಡಬಹುದು ಎಂಬ ನಿಯಮವೂ ಅದೇ ಪುಸ್ತಕದಲ್ಲಿದೆ. ಬುಧವಾರ ಅವನು ಮೊಳೆಯಿಂದ ಏಪ್ರನ್ ತೆಗೆದುಕೊಂಡು ಸೇತುವೆಯ ಆಚೆಯ ಅಂಗಡಿಗೆ ಹೋದ. ಹೋಗುವ ಮುನ್ನ ಮೇಷ್ಟ್ರು ಅವನ ಕೈಗೆ ಒಂದು ನಿಯಮದ ಪುಸ್ತಕ ಕೊಟ್ಟು, ಪೂರ್ತಿ ಓದಪ್ಪ ಎಂದರು.

ಸಂಜೆ ಸೇತುವೆಯ ಮೇಲೆ ಸಿಗುತ್ತಿದ್ದೆವು. ಹಗಲಿಡೀ ಬೆಂಚಿನ ಆ ತುದಿ ಬೋಳಾಗಿ ಕಾಣುತ್ತಿತ್ತು. ಐದೂ ಅಂಗಡಿಗೆ ಚಕ್ರ ಕಟ್ಟುವವಳು ನಾನೊಬ್ಬಳೇ ಆದ್ದರಿಂದ ಚೀಟಿಗಳು ಮಾತ್ರ ನಿಲ್ಲಲಿಲ್ಲ. ಆದರೂ ಆರು ತಿಂಗಳು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಲ್ಲಿಯೂ ಒಂದು ಕೈ ಕಮ್ಮಿಯಾದರೆ? ನನ್ನಿಂದಲೇ ಅವನು ಐದನೆಯ ಸಲವೂ ಹೊರಬಿದ್ದಂತಾಗುವುದಿಲ್ಲವೇ? ಅವನು ಒಮ್ಮೆಯೂ ಹಾಗೆ ಹೇಳಲಿಲ್ಲ, ಅದಕ್ಕೇ ಇನ್ನಷ್ಟು ಕಳವಳ.

ಅವರು ಕೈ ಎತ್ತುವ ದಿನ ಬಂತು. ಮಧ್ಯಾಹ್ನ ವ್ಯಾನಿನಲ್ಲಿ ಸೇತುವೆಯ ಅಂಗಡಿಯಿಂದ ಒಂದೇ ಒಂದು ಚಕ್ರ ವಾಪಸ್ ಬಂತು. ಸ್ಟ್ಯಾಂಡಿಗೆ ಹಾಕಿ ತಿರುಗಿಸಿದೆ. ಕೂದಲೆಳೆಯಷ್ಟೂ ಡೊಂಕಿಲ್ಲ. ಯಾಕೆ ಕಳಿಸಿದರಪ್ಪ ಎಂದು ಕಡ್ಡಿಗೆ ಕಟ್ಟಿದ ಚೀಟಿ ಬಿಚ್ಚಿದೆ. ಒಂದೂವರೆ ವರ್ಷ "ದಯವಿಟ್ಟು ನೋಡಿ" ಎಂದೇ ಬರೆದವನ ಅದೇ ದುಂಡನೆಯ ಅಕ್ಷರ.

"ಕೊಕ್ಕೆ ಸಿಕ್ತು. ಬಂದು ನೋಡು."

ನಾನು ಏಪ್ರನ್ ಬಿಚ್ಚಲೂ ಮರೆತು ಸೈಕಲ್ ಹತ್ತಿದೆ. ಅದರ ಬ್ರೇಕನ್ನು ಅವತ್ತು ಬೆಳಿಗ್ಗೆ ನಾನೇ ಸರಿಮಾಡಿದ್ದೆ, ಯಾರೂ ಪರೀಕ್ಷಿಸಿರಲಿಲ್ಲ. ಹಿಂದಿನಿಂದ ಮೇಷ್ಟ್ರು ಚೀಟಿ, ಚೀಟಿ ಎಂದು ಕೂಗುತ್ತಲೇ ಇದ್ದರು.