ಬ್ಯಾಟರಿ ಇರುವ ತನಕ

"ಹಾಲು ಒಡೆದುಹೋಗಿದೆ. ಫ್ರಿಜ್ ಆಫ್ ಮಾಡಿದ್ದು ನೀನೇ ತಾನೇ?"

ಕ್ಯಾರವಾನಿನ ಪುಟ್ಟ ಅಡುಗೆಕಟ್ಟೆಯ ಮುಂದೆ ಪಾತ್ರೆ ಹಿಡಿದು ನಿಂತ ನರ್ಸಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮೆಕ್ಯಾನಿಕ್ಕು ಕಿಟಕಿಯಾಚೆಯ ಕೆರೆಯನ್ನೇ ನೋಡುತ್ತ, "ತಾನಾಗೇ ಆಫ್ ಆಗಿರಬೇಕು" ಅಂದ.

"ಇಡೀ ಗಾಡಿಗೆ ವೈರಿಂಗ್ ಮಾಡಿದೋನು ಹೇಳೋ ಮಾತಾ ಇದು?"

ಅವನು ತಿರುಗಿದ. ಅವಳ ಹಣೆಯಿಂದ ಜಾರಿದ ಬೆವರ ಹನಿಯ ಜೊತೆಗೇ ಅವನ ಕಣ್ಣೂ ಕೆನ್ನೆಗಿಳಿಯಿತು, ಕುತ್ತಿಗೆಗೆ ಬಂದು ನಿಂತಿತು.

"ಫ್ಯಾನ್ ಯಾಕೆ ಹಾಕ್ಕೊಂಡಿಲ್ಲ ನರ್ಸಮ್ಮ?"

"ನಂಗೆ ಚಳಿ."

"ಹೌದೌದು. ಚಳಿಗೆ ಬೆವರು ಕಿತ್ಕೊಂಡು ಬರ್ತಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುವಿನ ಬೆನ್ನಿಗೇ ಅಳು ಬಂತು. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಇಬ್ಬರೂ ಕರೆಂಟು ಉಳಿಸುತ್ತಿದ್ದರು!

ಮದುವೆಯಾಗಿ ಊರೂರು ಸುತ್ತೋಣ ಎಂದು ಇಬ್ಬರೂ ಸೇರಿ ಕೊಂಡ ಹಳೇ ಗಾಡಿ ಅದು. ಅಷ್ಟರಲ್ಲಿ ಅವಳ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಇವಳ ಮಡಿಲು ಬಿಟ್ಟರೆ ಬೇರೆ ಯಾರ ಕೈಯಲ್ಲೂ ಸುಮ್ಮನಾಗುತ್ತಿರಲಿಲ್ಲ. ಭಾವನನ್ನೇ ಮದುವೆಯಾಗೆಂದು ಅಮ್ಮ ಸೆರಗೊಡ್ಡಿ ಬೇಡಿದಾಗ ಇವಳು ಹೂಂ ಅಂದಿದ್ದಳು.

ಆ ಮದುವೆಗೆ ಮುಂಚೆ ಒಂದೇ ಒಂದು ಸಲ ಈ ಗಾಡಿಯಲ್ಲಿ ಹೋಗಿಬರೋಣ ಎಂದವನು ಅವನು. ಫ್ಯಾನು, ದೀಪಗಳ ಬ್ಯಾಟರಿ ಇರುವ ತನಕ ಮಾತ್ರ, ಇಂಜಿನ್ ಸ್ಟಾರ್ಟ್ ಆದರೆ ಸೀದಾ ಬಸ್ ಸ್ಟ್ಯಾಂಡಿಗೆ ಎಂದು ಷರತ್ತು ಹಾಕಿದವಳು ಅವಳು. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇತ್ತು. ಈಗ ಮೋಡ ಕವಿದು ಸೂರ್ಯನೂ ಕೈಕೊಟ್ಟಿದ್ದ. ಚಾವಣಿಯ ಸೋಲಾರ್ ಪ್ಯಾನೆಲ್ ಇದ್ದೂ ಇಲ್ಲದಂತಾಗಿತ್ತು.

"ನಿಂತಲ್ಲೇ ಇಂಜಿನ್ ಓಡಿಸ್ತೀನಿ. ಬ್ಯಾಟರಿ ಮತ್ತೆ ತುಂಬತ್ತೆ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲ."

"ಮಗೂನ ಕರ್ಕೊಂಡೇ ಬಾ. ನಾನು ಸಾಕ್ತೀನಿ."

"ಅದರಪ್ಪ ಬಿಟ್ಟುಕೊಡ್ತಾರಾ? ಭಾವ ಕೆಟ್ಟೋರಾಗಿದ್ರೆ ಜಗಳ ಆಡಿ ಎದ್ದು ಬಂದ್ಬಿಡ್ತಿದ್ದೆ ಕಣೋ. ಒಳ್ಳೆಯೋರು. ಅದೇ ನನ್ನ ಗ್ರಹಚಾರ."

ಅವನು ಗ್ರೀಸಿನ ಕಪ್ಪು ಕೂತ ಬೆರಳುಗಳಿಂದ ಅವಳ ಕೈ ಹಿಡಿದ. "ನಿಜ ಹೇಳು. ಫ್ಯಾನ್ ಯಾಕೆ ಹಾಕಲಿಲ್ಲ?"

"ನಿನ್ನ ಜೊತೆ ಇನ್ನೊಂದು ಗಳಿಗೆ ಸಿಗತ್ತಲ್ಲಾ ಅಂತ. ಸಾಕಾ?"

ಅವನ ಮುಖ ನೋಡಿದವಳಿಗೆ ಹೆದರಿಕೆಯಾಯಿತು. ಇವತ್ತು ಫ್ಯಾನು, ನಾಳೆ ದೀಪ. ಹೀಗೇ ಉಳಿಸುತ್ತ ಹೋದರೆ ತಾನು ಏಳುವುದೇ ಇಲ್ಲ. ಅಲ್ಲಿ ಕೂಸು ಬಾಟಲಿ ತಳ್ಳಿ ಅಳುತ್ತಿರುತ್ತದೆ.

ಎದ್ದಳು. ಫ್ಯಾನ್ ಹಾಕಿದಳು. ಇದ್ದಬದ್ದ ದೀಪಗಳನ್ನೆಲ್ಲ ಹಾಕಿದಳು. ಕೆಟಲ್‌ಗೆ ನೀರು ತುಂಬಿದಳು.

"ಕೆಟಲ್ ಬೇಡ ಕಣೇ! ಅದೊಂದೇ ಸಾಕು, ಬ್ಯಾಟರಿ ಮಲಗ್ಬಿಡತ್ತೆ."

"ಗೊತ್ತು." ಅವಳು ಸ್ವಿಚ್ ಒತ್ತಿದಳು.

ಅವನು ಸ್ವಿಚ್ಚಿನತ್ತ ಕೈ ಚಾಚಿದ. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

ನೀರು ಗುಂಯ್‌ಗುಡುತ್ತಿದ್ದಂತೆ ಇನ್ವರ್ಟರ್ ಒಮ್ಮೆ ಕೂಗಿ ಸುಮ್ಮನಾಯಿತು. ದೀಪಗಳು ಆರಿದವು. ಫ್ಯಾನು ಸುತ್ತಿ ಸುತ್ತಿ ಸೋತು ನಿಂತಿತು. ಆ ಅರೆಬಿಸಿ ನೀರಿಗೇ ಅವಳು ಟೀಪುಡಿ ಹಾಕಿ ಸೋಸಿ ಕೊಟ್ಟಳು.

"ಬಣ್ಣಾನೇ ಬಿಟ್ಟಿಲ್ಲ" ಅಂದ ಅವನು. ಆದರೂ ಕೊನೇ ಗುಟುಕಿನವರೆಗೂ ಕುಡಿದ. ಎರಡೂ ಕಪ್ಪು ತೊಳೆದು, ಒರೆಸಿ, ಒಳಗಿಟ್ಟು, ಡ್ರೈವರ್ ಸೀಟಿಗೆ ಹೋದ. ಅವಳು ಪಕ್ಕದಲ್ಲಿ ಕೂತಳು.

"ಹೊರಡೋಣ್ವಾ?"

ಕೀ ಹಿಡಿದಿದ್ದ ಅವನ ಕೈ ಮೇಲೆ ಅವಳು ತನ್ನ ಕೈಯಿಟ್ಟಳು. ತಿರುಗಿಸಿದಳು.