ಐದನೇ ರೀಲಿನ ಕೆಳ ಅಂಚು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಒಬ್ಬ ತಾಯಿಯ ಸಂಕಟವನ್ನು ಠಾಣೆಯ ದಾಖಲೆಯ ಹಾಗೆ ತಾರೀಖು, ವೇಳೆ ಹಾಕಿ ಹೇಳುವುದು ಸರಿಯೋ ತಪ್ಪೋ ತಿಳಿಯದು. ಅದನ್ನು ಹೇಳುವಷ್ಟು ಬರವಣಿಗೆ ಕೈಗೆ ಹತ್ತಿದೆಯೋ ಇಲ್ಲವೋ, ಅದೂ ತಿಳಿಯದು. ನಡೆದದ್ದನ್ನು ನಡೆದ ಹಾಗೆಯೇ ಇಟ್ಟರೆ ಆಕೆಗೆ ಅನ್ಯಾಯವಾಗಲಾರದು ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹದಿಮೂರನೇ ತಾರೀಖು, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಒಬ್ಬ ಮ್ಯಾನೇಜರ್ ಠಾಣೆಗೆ ಬಂದ. ಹಳೆಯ ಸಿನಿಮಾಗಳ ಫಿಲ್ಮನ್ನು ತೊಳೆದು, ಬಣ್ಣ ಸರಿಮಾಡಿ, ಮನೆಯಲ್ಲಿ ನೋಡುವ ಡಿಸ್ಕ್ ಮಾಡಿ ಮಾರುವ ಸಂಸ್ಥೆ ಅವನದು. ದೂರು ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್. ಏನು ಬರೆದರೂ ಹಾಳೆಯಡಿ ಒಂದು ಕಾರ್ಬನ್ ಇಟ್ಟುಕೊಂಡೇ ಬರೆಯುತ್ತಿದ್ದುದರಿಂದ ಠಾಣೆಯಲ್ಲಿ ಅವರ ಹೆಸರೇ ಕಾರ್ಬನ್ ಆಗಿಹೋಗಿತ್ತು.

"ಏನು ಕಳುವಾಗಿದೆ?"

"ಒಂದು ರೀಲು ಸರ್. ತೊಂಬತ್ತೇಳರ ಹೊಡೆದಾಟದ ಸಿನಿಮಾ, ಅದರ ನೆಗೆಟಿವ್. ಎಂಟು ಡಬ್ಬಿಯಲ್ಲಿ ಐದನೆಯದು ಇಲ್ಲ."

"ಇನ್ನೊಂದು ಪ್ರತಿ?"

"ಉಳಿದಿರೋದೇ ಇದೊಂದು. ಬಿಸಿ ತಗುಲಿದ್ರೆ ಸುರುಟಿಕೊಳ್ಳುತ್ತೆ, ತೇವ ತಗುಲಿದ್ರೆ ಅಂಟಿಕೊಳ್ಳುತ್ತೆ. ವಾರ ಹೊರಗಿದ್ರೆ ರೀಲೂ ಹೋಯ್ತು, ನನ್ನ ಕೆಲಸವೂ ಹೋಯ್ತು."

11.15ಕ್ಕೆ ಎಫ್‌ಐಆರ್ ಆಯಿತು. 12.30ಕ್ಕೆ ಇನ್‌ಸ್ಪೆಕ್ಟರ್ ಮೇಡಂ ಮತ್ತು ಕಾರ್ಬನ್ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಫಿಲ್ಮ್ ಇಡುವ ಕೋಣೆ ತಣ್ಣಗಿತ್ತು. ಬಾಗಿಲ ಮೇಲೆ 'ತಂಪಾಗಿಡಿ' ಎಂಬ ಬರಹ. ಬೀಗ ಒಡೆದಿರಲಿಲ್ಲ, ಬೀಗದ ಕೈ ಹಗಲೆಲ್ಲ ಎದುರಿನ ಮೊಳೆಗೇ ನೇತಾಡುತ್ತಿರುತ್ತದೆ.

"ನನ್ನ ಕಣ್ಣು ತಪ್ಪಿಸಿ ಇಲಿ ಕೂಡ ಆಚೆ ಹೋಗಲ್ಲ ಸಾರ್," ಎಂದ ಗೇಟಿನ ಕಾವಲುಗಾರ.

"ಹೋಗಿರೋದು ಇಲಿ ಅಲ್ಲಪ್ಪ," ಎಂದರು ಕಾರ್ಬನ್. "ಗೇಟಿನ ಪುಸ್ತಕ ಕೊಡು."

ಮೇಡಂ ಮಾತ್ರ ಕಪಾಟಿನ ಮುಂದೆಯೇ ನಿಂತಿದ್ದರು. ಬಣ್ಣ ಸರಿಮಾಡುವ ಕೆಲಸದ ಹೆಂಗಸನ್ನು ಕರೆದು ಕೇಳಿದರು: "ಕೊನೇ ಹೊಡೆದಾಟ ಯಾವ ರೀಲಲ್ಲಿದೆ?"

"ಎಂಟರಲ್ಲಿ ಮೇಡಂ. ಬಸ್ಸು ಸಿಡಿಯೋದು ಏಳರಲ್ಲಿ."

"ಐದರಲ್ಲಿ?"

"ಅಂಥದ್ದೇನಿಲ್ಲ. ಒಂದು ಅಟ್ಟಿಸಿಕೊಂಡು ಹೋಗೋ ದೃಶ್ಯ, ಒಂದು ಆಸ್ಪತ್ರೆ ದೃಶ್ಯ."

"ಮಾರೋ ಕಳ್ಳ ಎಂಟನ್ನೂ ಒಯ್ತಾನೆ. ಹುಚ್ಚು ಅಭಿಮಾನಿ ಎಂಟನೆಯದನ್ನ ಒಯ್ತಾನೆ. ಇವನಿಗೆ ಐದೇ ಯಾಕೆ ಬೇಕಾಯ್ತು?" ಮೇಡಂ ಕಾರ್ಬನ್ ಕಡೆ ತಿರುಗಿದರು. "ಆ ಸಿನಿಮಾ ನೋಡಬೇಕಲ್ರೀ."

ಹದಿನಾಲ್ಕನೇ ತಾರೀಖು ಮಧ್ಯಾಹ್ನ 3 ಗಂಟೆಗೆ ಇಬ್ಬರೂ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೂತಿದ್ದರು. ಮಾಲೀಕ ಅಂಗಡಿ ಮುಚ್ಚುವವನಿದ್ದ; ಅರ್ಧ ಕಪಾಟು ಖಾಲಿಯಾಗಿತ್ತು. ಆ ಸಿನಿಮಾದ ಮೂರು ಕ್ಯಾಸೆಟ್‌ಗಳನ್ನು ಧೂಳು ಕೊಡವಿ ತಂದ. ಹಳೆಯ ಟಿವಿಯಲ್ಲಿ ನಾಯಕ ಗುಂಡು ಹಾರಿಸತೊಡಗಿದ. ಕಾರ್ಬನ್ ಬೆರಳು ಮಡಿಸುತ್ತ ಎಣಿಸಿದರು.

"ಮೇಡಂ, ಆರು ಗುಂಡಿನ ಪಿಸ್ತೂಲು. ಇಪ್ಪತ್ತೆರಡಾಯ್ತು."

"ನಮಗೂ ಅಂಥದ್ದೊಂದು ಬೇಕು ಅಂತ ಬರೆದು ಕಳಿಸಿ."

ಒಂದು ಗಂಟೆ ಹನ್ನೆರಡನೇ ನಿಮಿಷ. ನಾಯಕ ಮಾರುಕಟ್ಟೆಯ ಮೇಲಿನ ಬಾಲ್ಕನಿಯಿಂದ ಹಾರಿದ. ಹಾರಿದವನು ನೆಲ ಮುಟ್ಟುವ ಮೊದಲೇ ಚಿತ್ರ ನಡುಗಿ ಬಿಳಿ ಗೀರುಗಳಲ್ಲಿ ಮುಳುಗಿತು. ನಾಲ್ಕು ಸೆಕೆಂಡು ಬಿಟ್ಟು ಮತ್ತೆ ಸರಿಯಾಯಿತು. ಎರಡನೇ ಕ್ಯಾಸೆಟ್ ಹಾಕಿಸಿದರು. ಅದೇ ಜಾಗ, ಅದೇ ಗೀರು. ಮೂರನೆಯದೂ ಹಾಗೆಯೇ.

"ಮೂರಕ್ಕೂ ಒಂದೇ ಕಾಯಿಲೆಯೇನ್ರೀ?" ಎಂದರು ಮೇಡಂ.

ಮಾಲೀಕ ತಲೆ ಕೆರೆದುಕೊಂಡ. "ಚಿತ್ರ ನಿಲ್ಲಿಸಿದ್ರೆ ಟೇಪು ನಿಲ್ಲುತ್ತೆ ಮೇಡಂ, ಒಳಗಿನ ಹೆಡ್ ತಿರುಗ್ತಾನೇ ಇರುತ್ತೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಉಜ್ಜಿದ್ರೆ ಟೇಪಿನ ಮೈ ಸವೆದುಹೋಗುತ್ತೆ. ಎಲ್ಲಾ ಲಾಂಡ್ರಿಯಮ್ಮನ ಕೆಲಸ. ಒಂದು ಸವೆಸಿ ಇನ್ನೊಂದು ಒಯ್ತಿದ್ಲು. ಮೊದಮೊದಲು ಬೈದೆ. ಆಮೇಲೆ ಬೈಯೋಕೆ ಬಾಯಿ ಬರಲಿಲ್ಲ."

"ಅಲ್ಲೇನಿದೆ ನೋಡೋಕೆ?"

"ಕೆಳಗಡೆ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತು ಮೇಲೆ ನೋಡ್ತಾನೆ. ಅವಳ ಮಗ ಅಂತೆ. ಪೊಲೀಸರು ಸತ್ತ ಅಂದ್ರಂತೆ, ಇವಳು ಇಲ್ಲ ಅಂತಾಳೆ."

ಕಾರ್ಬನ್ ಬರೆಯುತ್ತಿದ್ದುದನ್ನು ನಿಲ್ಲಿಸಿದರು. ಮೇಡಂ ಅದನ್ನು ಗಮನಿಸಿದರು.

ಠಾಣೆಗೆ ಮರಳಿದ ಮೇಲೆ ಕಾರ್ಬನ್ ಅವರೇ ದಾಖಲೆ ಕೋಣೆಗೆ ಹೋಗಿ, ಹದಿನಾರು ವರ್ಷದ ಹಿಂದಿನ ಕಡತವೊಂದನ್ನು ತಂದು ಮೇಡಂ ಮುಂದಿಟ್ಟರು. ಹತ್ತೊಂಬತ್ತರ ಹುಡುಗ. ಏಪ್ರಿಲ್ ಎರಡರಂದು ಮನೆಯಲ್ಲಿ ಜಗಳವಾಡಿ ಹೋದವನು. ಏಪ್ರಿಲ್ ಐದರಂದು ರೈಲು ಹಳಿಯ ಬಳಿ ಒಂದು ಹೆಣ, ಮುಖ ಗುರುತು ಸಿಗದ ಸ್ಥಿತಿಯಲ್ಲಿ. ಅಂಗಿಯ ಕಾಲರಿನಲ್ಲಿ ಆ ತಾಯಿಯ ಲಾಂಡ್ರಿಯ ಕೆಂಪು ದಾರದ ಗುರುತು. ಅಷ್ಟರ ಮೇಲೆ ಗುರುತು ಪತ್ತೆಯಾಯಿತೆಂದು ಬರೆದು ಕಡತ ಮುಚ್ಚಲಾಗಿತ್ತು. ಕೈಬರಹ ಕಾರ್ಬನ್ ಅವರದು.

"ಎರಡು ವರ್ಷ ಬಿಟ್ಟು ಆಕೆ ಕ್ಯಾಸೆಟ್ ಹಿಡ್ಕೊಂಡು ಬಂದಿದ್ಲು ಮೇಡಂ," ಎಂದರು ಅವರು. "ಈ ಸಿನಿಮಾದ ಶೂಟಿಂಗ್ ಏಪ್ರಿಲ್‌ನಲ್ಲಿ ಹೆಣ ಸಿಕ್ಕಿದ ಮೇಲೂ ನಡೆದಿದೆ, ವಿಚಾರಿಸಿ ಅಂದ್ಲು. ಸಿನಿಮಾದಲ್ಲಿ ಸತ್ತವರೂ ಎದ್ದು ಬರ್ತಾರಮ್ಮ, ಮನೆಗೆ ಹೋಗು ಅಂದೆ. ಪಕ್ಕದಲ್ಲಿದ್ದವರು ನಕ್ರು. ನಾನೂ ನಕ್ಕೆ."

ಮೇಡಂ ಸಮಾಧಾನ ಹೇಳಲಿಲ್ಲ. "ಗೇಟಿನ ಪುಸ್ತಕದಲ್ಲಿ ಏನಿದೆ?" ಎಂದಷ್ಟೇ ಕೇಳಿದರು.

ಹತ್ತನೇ ತಾರೀಖು, ಶನಿವಾರ, ಮಧ್ಯಾಹ್ನ 1.20: 'ಪರದೆ ಆರು, ಲಾಂಡ್ರಿಗೆ.' ಕತ್ತಲೆ ಕೋಣೆಯ ದಪ್ಪ ಕಪ್ಪು ಪರದೆಗಳು. ಕಾರ್ಬನ್ ಬಣ್ಣದ ಕೆಲಸದ ಹೆಂಗಸಿಗೆ ಫೋನ್ ಮಾಡಿದರು.

"ಪರದೆ ಎಷ್ಟು ದಿನಕ್ಕೊಮ್ಮೆ ಒಗೆಯೋಕೆ ಹೋಗುತ್ತೆ?"

"ಮೂರು ತಿಂಗಳಿಗೊಮ್ಮೆ. ಹೋದ ತಿಂಗಳು ತಾನೇ ಹೋಗಿ ಬಂದಿದ್ವು. ಸರ್, ಒಂದು ಮಾತು ನಿನ್ನೆಯೇ ಹೇಳಬೇಕಿತ್ತು. ಆಗ ಪರದೆ ಕಟ್ಟೋಕೆ ಬಂದಾಗ ಲಾಂಡ್ರಿಯ ಆ ಅಮ್ಮ ಈ ಸಿನಿಮಾದ ಒಂದು ಜಾಗ ತೋರಿಸು ಅಂತ ಕೇಳಿದ್ರು. ಮಾದರಿಗೆ ಅಂತ ಮಾಡಿದ್ದ ಡಿಸ್ಕ್ ಹಾಕಿ ತೋರಿಸಿದೆ. ಈಗಿನ ಟಿವಿ ಅಗಲ ಅಲ್ವಾ, ಹಳೇ ಚೌಕ ಚಿತ್ರದ ಮೇಲೂ ಕೆಳಗೂ ಕತ್ತರಿಸ್ತೀವಿ. ಅವರ ಹುಡುಗನ ತಲೆಗೂದಲು ಮಾತ್ರ ಉಳಿದಿತ್ತು. ಕೆಳಗೆ ಇಳಿಸು, ಸ್ವಲ್ಪ ಕೆಳಗೆ ಇಳಿಸು ಅಂತ ಟಿವಿ ಮೇಲೆ ಕೈಯಿಟ್ಟು ಬೇಡಿಕೊಂಡ್ರು. ಅದು ಐದನೇ ರೀಲಲ್ಲಿದೆ, ಫಿಲ್ಮಿನಿಂದ ಪೂರ್ತಿ ಚಿತ್ರ ತೆಗೆಯೋಕೆ ಮ್ಯಾನೇಜರ್ ಅನುಮತಿ ಬೇಕು ಅಂದೆ. ಮ್ಯಾನೇಜರನ್ನ ಕೇಳಿದ್ರೆ, ಯಾರದ್ದಾದ್ರೂ ಪತ್ರ ತಗೊಂಡು ಬಾ ಅಂದ್ರಂತೆ."

ಹದಿನೈದನೇ ತಾರೀಖು, ಗುರುವಾರ, ಬೆಳಿಗ್ಗೆ 11 ಗಂಟೆ. ಲಾಂಡ್ರಿಯೆಂದರೆ ಮನೆಯ ಮುಂದಿನ ಕೋಣೆ. ಎರಡು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಮಡಿಸಿಟ್ಟ ಬಟ್ಟೆ. ಕೋಣೆ ಕಾದು ಕೆಂಡವಾಗಿತ್ತು. ಅರವತ್ತು ದಾಟಿದ ಹೆಂಗಸು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಾರ್ಬನ್ ಅವರನ್ನೇ ನೋಡಿದಳು.

"ಆವಾಗ ಸಣ್ಣಗಿದ್ರಿ," ಎಂದಳು.

ಪ್ರಶ್ನೆ ಕೇಳಿದವರು ಮೇಡಂ.

"ರೀಲು ಎಲ್ಲಿದೆಯಮ್ಮ?"

ಅವಳು ಒಳಮನೆಗೆ ಕರೆದೊಯ್ದಳು. ತರಕಾರಿ, ಹಾಲು, ನೀರಿನ ಬಾಟಲಿ ಎಲ್ಲವೂ ನೆಲದ ಮೇಲಿದ್ದವು. ಫ್ರಿಜ್ಜಿನಲ್ಲಿ ಒಂದೇ ಒಂದು ವಸ್ತು: ಒಣ ಟವೆಲುಗಳಲ್ಲಿ ಸುತ್ತಿದ ಡಬ್ಬಿ.

"ತಂಪಾಗಿಡಿ ಅಂತ ಅಲ್ಲಿ ಬರೆದಿದೆಯಲ್ಲ. ಹಾಳು ಮಾಡಿಲ್ಲ ತಾಯಿ. ಫೋಟೋ ಸ್ಟುಡಿಯೋಗೆ ಒಯ್ದು ಅವನದೊಂದು ಚಿತ್ರ ತೆಗೆಸಿ ಪರದೆ ಜೊತೆಗೇ ವಾಪಸ್ ಇಡೋಣ ಅಂತಿದ್ದೆ. ಇದು ನಮ್ಮ ಮಷೀನಿಗೆ ಹಿಡಿಯಲ್ಲ ಅಂದ ಸ್ಟುಡಿಯೋದವನು."

"ಆಮೇಲೆ?"

"ಬಲ್ಬಿಗೆ ಹಿಡಿದು ಒಂದೊಂದೇ ನೋಡಿದೆ. ಎರಡು ದಿನ. ಬಾಲ್ಕನಿ ಸಿಕ್ತು, ಮೆಟ್ಟಿಲು ಸಿಕ್ತು, ಅವನೂ ಸಿಕ್ಕಿದ. ಅಂಚಿನ ತೂತಿಗೆ ದಾರ ಕಟ್ಟಿದೆ, ಮತ್ತೆ ಕಳೆದುಹೋಗಬಾರದು ಅಂತ." ಅವಳು ಗೋಡೆಗೆ ಒರಗಿದಳು. "ಆದರೆ ಎಲ್ಲಾ ತಲೆಕೆಳಗು. ಕೂದಲು ಬೆಳ್ಳಗೆ, ಮುಖ ಕಪ್ಪು ನೀಲಿ. ಯಾರೋ ಮುದುಕ ಕೂತ ಹಾಗಿತ್ತು. ನನಗೆ ಗುರುತು ಸಿಗಲಿಲ್ಲ ತಾಯಿ. ಹೆತ್ತವಳಿಗೇ ಸಿಗಲಿಲ್ಲ."

"ಕ್ಯಾಸೆಟ್‌ನಲ್ಲಿ ಕಾಣ್ತಿದ್ನಲ್ಲ?"

"ನೋಡಿ ನೋಡಿ ನಾನೇ ಅಳಿಸಿಬಿಟ್ಟೆ."

ಆಗ ಕಾರ್ಬನ್ ಮೊದಲ ಸಲ ಬಾಯಿಬಿಟ್ಟರು. "ಅಮ್ಮ, ಆ ಅಂಗಿಯ ಗುರುತು..."

"ಆ ಕೆಂಪು ದಾರಾನ ನಾನು ಇನ್ನೂರು ಜನರ ಅಂಗಿಗೆ ಹಾಕ್ತಿದ್ದೆ," ಎಂದಳು. "ಅವತ್ತೂ ಅದನ್ನೇ ಹೇಳಿದ್ದೆ. ನೀವು ಬರ್ಕೊಳ್ಳಲಿಲ್ಲ."

11.50ಕ್ಕೆ ಜಪ್ತಿ ಪಂಚನಾಮೆ. ಸ್ವತ್ತನ್ನು ಗುರುತಿಸಲು 2.30ಕ್ಕೆ ರೀಲನ್ನೂ ಅವಳನ್ನೂ ಸಂಸ್ಥೆಗೆ ಕರೆದೊಯ್ದರು. ಬಣ್ಣದ ಕೆಲಸದ ಹೆಂಗಸು ಕೈಗವಸು ಹಾಕಿಕೊಂಡು ಸುರುಳಿ ಬಿಚ್ಚಿದಳು. ಕೆಲವು ಗೀಚು, ಬೆರಳ ಗುರುತು. ಉಳಿದಂತೆ ಫಿಲ್ಮ್ ಕ್ಷೇಮ. ಮ್ಯಾನೇಜರ್ ಉಸಿರು ಬಿಟ್ಟ.

"ದಾರ ಕಟ್ಟಿದ ಜಾಗ ಪೂರ್ತಿ ತೋರಿಸಿ," ಎಂದರು ಮೇಡಂ. "ಕೆಳ ಅಂಚಿನ ತನಕ."

"ಮೇಡಂ, ಅದಕ್ಕೆ ಮೇಲಿನವರ..." ಎಂದು ಮ್ಯಾನೇಜರ್ ಶುರುಮಾಡಿದ.

"ಸ್ವತ್ತಿನ ಸ್ಥಿತಿ ನೋಡ್ತಾ ಇದೀವಿ. ಪತ್ರ ಬೇಕಾದ್ರೆ ನಾನೇ ಬರೆದುಕೊಡ್ತೀನಿ."

ಚಿತ್ರ ತೆರೆಯ ಮೇಲೆ ಬಂತು. ಕೂದಲು ಕಪ್ಪಾಯಿತು, ಮುಖಕ್ಕೆ ಮೈಬಣ್ಣ ಬಂತು. ನಾಯಕನ ಕಾಲುಗಳ ಕೆಳಗೆ, ಮೆಟ್ಟಿಲ ಮೇಲೆ, ಮೊಣಕಾಲು ತಬ್ಬಿ ಕೂತ ಒಬ್ಬ ಹುಡುಗ. ತಲೆ ಎತ್ತಿದ್ದರಿಂದ ಗಲ್ಲ ಸ್ಪಷ್ಟವಾಗಿತ್ತು. ಕಣ್ಣುಗಳ ಮೇಲೆ ಹಾರುವವನ ನೆರಳು ಬಿದ್ದಿತ್ತು. ಕಾರ್ಬನ್ ಕಡತದ ಫೋಟೋವನ್ನು ಪಕ್ಕಕ್ಕೆ ಹಿಡಿದರು. ಗಲ್ಲ ಹೌದು ಎನ್ನುವ ಹಾಗಿತ್ತು. ಮೂಗು ಹಾಗೆನ್ನಲು ಬಿಡುತ್ತಿರಲಿಲ್ಲ.

ಅವಳು ತುಂಬ ಹೊತ್ತು ನೋಡಿದಳು.

"ಅವನೇ," ಎಂದಳು. ಆಮೇಲೆ ಕಾರ್ಬನ್ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಅಲ್ವಾ ಸರ್?"

ಹೌದು ಎಂದುಬಿಡಲು ಅವರ ನಾಲಿಗೆಯ ತುದಿಯವರೆಗೂ ಬಂತು. ಅದರಿಂದ ಆಕೆಗೆ ಒಂದು ನಿದ್ದೆ ಸಿಗುತ್ತಿತ್ತು, ಅವರಿಗೂ ಸಿಗುತ್ತಿತ್ತು.

"ನನಗೆ ಗೊತ್ತಾಗ್ತಿಲ್ಲಮ್ಮ," ಎಂದರು. "ಅವತ್ತು ಗೊತ್ತು ಅಂತ ಬರೆದೆ. ಇವತ್ತು ಸುಳ್ಳು ಹೇಳಲ್ಲ."

ನೆಗೆಟಿವ್ ಜೊತೆ ಚಿತ್ರೀಕರಣದ ದಿನವಹಿಯೂ ಸಂಸ್ಥೆಯಲ್ಲಿತ್ತು. ಅದನ್ನು ಅವರು ನಿಂತಲ್ಲೇ ಓದಿದರು. ಮಾರುಕಟ್ಟೆಯ ದೃಶ್ಯ ಎರಡು ದಿನ ನಡೆದಿತ್ತು: ಮಾರ್ಚ್ ಇಪ್ಪತ್ತೆಂಟು ಮತ್ತು, ಹಾರುವುದು ಸರಿಬರಲಿಲ್ಲವೆಂದು ಮತ್ತೆ, ಏಪ್ರಿಲ್ ಹತ್ತೊಂಬತ್ತು. ಹುಡುಗ ಮನೆ ಬಿಟ್ಟದ್ದು, ಹೆಣ ಸಿಕ್ಕಿದ್ದು ಎರಡೂ ಈ ದಿನಗಳ ನಡುವೆ. ಎರಡೂ ದಿನ 'ಗುಂಪು, ನಲವತ್ತು ಜನ' ಎಂದಿತ್ತು. ಹೆಸರುಗಳಿರಲಿಲ್ಲ.

ಸಂಜೆ 5.20ಕ್ಕೆ ಠಾಣೆಯಲ್ಲಿ ಬಂಧನದ ಪತ್ರ ತಯಾರಾಯಿತು. ಅವಳು ಓದಿಸಿಕೊಂಡು ಸಹಿ ಹಾಕಿದಳು. ಕಳ್ಳತನಕ್ಕೆ ಕಾರಣ ಎಂಬ ಸಾಲಿನಲ್ಲಿ ಕಾರ್ಬನ್ ಬರೆದದ್ದು ಇಷ್ಟು: 'ಮಗನ ಮುಖವನ್ನು ಇನ್ನೊಮ್ಮೆ ನೋಡುವ ಉದ್ದೇಶ.' ಅದೇ ಸಂಜೆ ಅವರು ಇನ್ನೊಂದು ಅರ್ಜಿ ಬರೆದರು. ಹದಿನಾರು ವರ್ಷದ ಹಿಂದಿನ ಗುರುತು ಪತ್ತೆಗೆ ಸಾಕಷ್ಟು ಆಧಾರವಿರಲಿಲ್ಲ, ತಪ್ಪು ತನ್ನದು, ಕಡತ ಮತ್ತೆ ತೆರೆಯಬೇಕು ಎಂದು. ಮೇಡಂ ಅದಕ್ಕೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಅವಳಿಗೆ ಮರುದಿನ ಜಾಮೀನು ಸಿಕ್ಕಿತು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹಳಿಯ ಬಳಿ ಸಿಕ್ಕವನು ಯಾರು, ಮೆಟ್ಟಿಲ ಮೇಲೆ ಕೂತವನು ಯಾರು, ಅವನು ಕೂತದ್ದು ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ, ಈ ಮೂರರಲ್ಲಿ ಒಂದೂ ಗೊತ್ತಿಲ್ಲ. ಗೊತ್ತಾಗುತ್ತದೆ ಎಂದು ಹೇಳುವ ಧೈರ್ಯವೂ ನನಗಿಲ್ಲ.