ಲಕ್ಷ್ಮೇಶ್ವರದ ಲ್ಯಾಂಡ್‌ಮಾಸ್ಟರ್

2024ರ ನವೆಂಬರ್ 19, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಾರಾಬಾಯಿ ಕಟಗೇರಿ ಎಂಬುವರು ಬೆಟಗೇರಿಯ ಠಾಣೆಗೆ ಬಂದು, ತಮ್ಮ ಗಂಡ ಸತ್ತದ್ದು ಅಪಘಾತದಿಂದಲ್ಲ ಎಂದು ದೂರು ಕೊಟ್ಟರು. ಸೂತಕದಲ್ಲಿರುವ ಹೆಂಗಸಿಗೆ ಕುರ್ಚಿ ಕೊಡಬೇಕೋ ನೀರು ಕೊಡಬೇಕೋ ತಿಳಿಯದೆ ಹೆಡ್ ಕಾನ್‌ಸ್ಟೆಬಲ್ ಹನಮಪ್ಪ ಎರಡನ್ನೂ ತಂದಿಟ್ಟು ದೂರ ನಿಂತ.

ಠಾಣೆಯ ಲೆಕ್ಕದಲ್ಲಿ ಆ ಸಾವು ಬಹುಮಟ್ಟಿಗೆ ಮುಗಿದ ವಿಷಯ. ಭಾನುವಾರ ಮುಂಜಾನೆ ನಿವೃತ್ತ ವಿಜ್ಞಾನ ಮಾಸ್ತರು ಪವಮಾನ ಕಟಗೇರಿ, ವಯಸ್ಸು 63, ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ 1955ರ ಲ್ಯಾಂಡ್‌ಮಾಸ್ಟರ್ ಕಾರಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ ಜ್ಯಾಕು ಜಾರಿ, ಕಾರು ಎದೆಯ ಮೇಲೆ ಕುಳಿತಿತ್ತು. ಅಸಹಜ ಸಾವೆಂದು ಯು.ಡಿ.ಆರ್. ಆಗಿತ್ತು, ಮರಣೋತ್ತರ ಪರೀಕ್ಷೆ, ದಹನ ಎರಡೂ ಆಗಿದ್ದವು. ಊರೂ ತನ್ನ ತೀರ್ಪು ಕೊಟ್ಟಾಗಿತ್ತು: ಹಳೇ ಗಾಡಿಯ ಹುಚ್ಚು ಮಾಸ್ತರನ್ನು ನುಂಗಿತು.

ಇನ್ಸ್‌ಪೆಕ್ಟರ್ ನೀಲಾ ತಳವಾರ ಕನ್ನಡಕ ತೆಗೆದು ಒರೆಸುತ್ತ ಕೇಳಿದರು. "ಅಪಘಾತ ಅಲ್ಲ ಅಂತ ಹೆಂಗ ಹೇಳ್ತೀರಿ, ಬಾಯಾರ?"

"ಗಾಲಿ ಗ್ವಾಡಿಗೆ ಆನಿಸಿದ್ವು."

"ಅಂದ್ರ?"

"ನಮ್ಮವರು ಗಾಡಿ ಎತ್ತಿ ಗಾಲಿ ಬಿಚ್ಚಿದ್ರ, ಬಿಚ್ಚಿದ ಗಾಲಿ ಗಾಡಿ ಕೆಳಗನ ಮಲಗಸ್ತಿದ್ರು, ಒಂದರ ಮ್ಯಾಲ ಒಂದು. ಜ್ಯಾಕ್ ಕೈಕೊಟ್ರ ಗಾಡಿ ಗಾಲಿ ಮ್ಯಾಲ ಕೂಡಬೇಕು, ಮನಷ್ಯಾನ ಮ್ಯಾಲ ಅಲ್ಲ ಅಂತ. ಒಮ್ಮೆ ಕಸಾ ಹೊಡಿಲಿಕ್ಕೆ ಅಡ್ಡ ಬಂತಂತ ನಾನು ಒಂದು ಗಾಲಿ ಸರಸಿದ್ದೆ. ಎರಡು ದಿನಾ ನನ್ನ ಕೂಡ ಮಾತು ಬಿಟ್ಟಿದ್ರು."

"ಭಾನುವಾರ ಮರತಿರಬಹುದು."

"ಸಂಧ್ಯಾವಂದನಿ ಮರೀತಿದ್ರು. ಗಾಲಿ ಮರೀತಿರಲಿಲ್ಲ." ತಾರಾಬಾಯಿ ಸೆರಗನ್ನು ಬಿಗಿ ಮಾಡಿಕೊಂಡರು. "ಮಾತಾಡಸ್ಲಿಕ್ಕೆ ಬಂದವರೆಲ್ಲಾ ಮಾಸ್ತರು ಹುಷಾರ್ ಇರಬೇಕಾಗಿತ್ತು ಅಂತಾರ. ಅವರು ಜನ್ಮ ಪೂರ್ತಿ ಹುಷಾರ್ ಇದ್ದದ್ದನ್ನ ಸಹಿಸಿಕೊಂಡಾಕಿ ನಾನು. ಈಗ ಹುಷಾರಿಲ್ಲದ ಸತ್ರು ಅಂದ್ರ ನಾ ಒಪ್ಪಂಗಿಲ್ಲ."

"ಆ ಹೊತ್ತಿನ್ಯಾಗ ನೀವು?"

"ಗದಗಿನ್ಯಾಗ ತಂಗಿ ಮನಿಗೆ ಹೋಗಿದ್ದೆ. ಬರೂದ್ರಾಗ ಓಣಿ ಮಂದಿ ಗಾಡಿ ಎತ್ತಿ ಅವರನ್ನ ಹೊರಗ ತಗದಿದ್ರು."

ಅವರು ಹೋದ ಮೇಲೆ ಹನಮಪ್ಪ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ದುಃಖ ಐತ್ರಿ ಮೇಡಂರ. ಏನರೆ ಒಂದು ನೆಪಾ ಹುಡಕತೈತಿ."

"ಭಾನುವಾರ ನೀ ಹೊಡದ ಫೋಟೋ ತೋರಸು."

ಹನಮಪ್ಪನ ಮೊಬೈಲಿನಲ್ಲಿ ಹನ್ನೆರಡು ಫೋಟೋಗಳಿದ್ದವು. ಎರಡರಲ್ಲಿ ಅವನದೇ ಹೆಬ್ಬೆರಳು. ಒಂಬತ್ತನೆಯದರಲ್ಲಿ, ಜನ ಕಾರನ್ನು ಎತ್ತಿ ಪಕ್ಕಕ್ಕಿಟ್ಟ ಜಾಗದಲ್ಲಿ, ಜ್ಯಾಕು ಕಾಣುತ್ತಿತ್ತು. ಅದು ಅಡ್ಡ ಬಿದ್ದಿರಲಿಲ್ಲ. ತಲೆಯನ್ನು ಒಳಗೆಳೆದುಕೊಂಡ ಆಮೆಯ ಹಾಗೆ ನೆಟ್ಟಗೆ ಕುಳಿತಿತ್ತು.

"ಜಾರಿದ್ದು ಹಿಂಗ ಕುಂಡ್ರತೈತೇನೋ?"

ಹನಮಪ್ಪ ಫೋಟೋ ದೊಡ್ಡದು ಮಾಡಿ ನೋಡಿದ. ಜೀಪಿನ ಕೀಲಿ ತರಲು ಹೋದ.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಪಂಚರು ಇಬ್ಬರು: ಪಕ್ಕದ ಮನೆಯ ನೇಕಾರ ಅರ್ಜುನ, ಅದೇ ಓಣಿಯಲ್ಲಿ ಗ್ಯಾರೇಜು ಇಟ್ಟ ನಜೀರಸಾಬ. ಶೆಡ್ಡು ಶಾಲೆಯ ಪ್ರಯೋಗಾಲಯದಂತಿತ್ತು. ನಟ್ಟು ಬಿಚ್ಚುವ ಪಾನಾಗಳು ಉದ್ದದ ಪ್ರಕಾರ ಮೊಳೆಗೆ ತೂಗುತ್ತಿದ್ದವು. ಪ್ರತಿ ಬಿಡಿಭಾಗದ ಮೇಲೆ, ಶಾಲೆಯ ಬೆಂಚಿನ ಮೇಲೆ ಬರೆಯುವಂತೆ, 'ಪ.ಕ.' ಎಂದು ಕೊರೆದಿತ್ತು. ಮುಂದಿನ ಎರಡು ಗಾಲಿಗಳು ಗೋಡೆಗೆ ಒರಗಿ ನಿಂತಿದ್ದವು, ಶಿಕ್ಷೆಗೆ ನಿಲ್ಲಿಸಿದ ಹುಡುಗರ ಹಾಗೆ.

ನಜೀರಸಾಬ ಜ್ಯಾಕಿನ ಬುಡ ನೋಡಿದ. "ವಾಲ್ವ್ ಸಡಲ್ ಐತ್ರಿ. ಯಾರೋ ಇಳಿಸ್ಯಾರ."

"ಕೆಳಗ ಮಲಗಿದಂವ ಇಳಿಸಾಕ ಬರತೈತೇನು?"

"ಹಿಡಿಕಿ ಹಾಕಿ ತಿರವಬೇಕ್ರಿ. ಹಿಡಿಕಿ ಹೊರಗ ಐತಿ. ಕೈ ಮುಟ್ಟಂಗಿಲ್ಲ."

ನೀಲಾ ಬಾನೆಟ್ ತೆರೆಸಿದರು. ಭಾನುವಾರ ಯಾರೂ ತೆರೆದಿರಲಿಲ್ಲ. ಸಾವು ಕೆಳಗಿತ್ತು, ಮೇಲೆ ನೋಡುವ ಕಾರಣವಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರಬೇಕಾದ ಜಾಗ ಖಾಲಿ. ಎರಡು ಬೋಲ್ಟುಗಳ ನಡುವಿನ ತೆರೆದ ಬಾಯಿಗೆ ಒಂದು ಹಸಿರು ಅರಿವೆಯನ್ನು ಮಡಚಿ, ಅಂಚು ಒಳಗೆ ಸೇರಿಸಿ, ಒಪ್ಪವಾಗಿ ತುರುಕಿತ್ತು.

"ಕಳ್ಳತನರಿ!" ಎಂದ ಹನಮಪ್ಪ, ಹೊಸದಾಗಿ ಕಂಡುಹಿಡಿದವನಂತೆ.

"ಕಳ್ಳಾ ಯಾಕ ಬಾಯಿ ಮುಚ್ಚತಾನ?"

"ಧೂಳ ಬೀಳಬಾರದು ಅಂತ," ಎಂದ ನಜೀರಸಾಬ. "ಮಣ್ಣ ಒಳಗ ಹೋತಂದ್ರ ಎಂಜಿನ್ ಕೆಟ್ಟಂಗ. ಬಿಚ್ಚಿದ ಕೂಡ್ಲೇ ನಾವೆಲ್ಲಾ ಮುಚ್ಚತೇವಿ. ಕೈ ರೂಢಿರಿ ಅದು."

ಮಾಸ್ತರೇ ಸ್ವಚ್ಛ ಮಾಡಲು ಬಿಚ್ಚಿರಬಹುದೇ ಎಂದು ಶೆಡ್ಡನ್ನೂ ಮನೆಯನ್ನೂ ಹುಡುಕಿದರು. ಕಾರ್ಬ್ಯುರೇಟರ್ ಎಲ್ಲಿಯೂ ಇರಲಿಲ್ಲ. ಮಾಸ್ತರು ಒರೆಸಲು ಬಳಸುತ್ತಿದ್ದುದು ಹರಿದ ಬನಿಯನ್ನು. ಡಬ್ಬಿಯ ತುಂಬ ಅವೇ ಇದ್ದವು. ಹಸಿರು ಅರಿವೆಯನ್ನು ತಾರಾಬಾಯಿ ಎಂದೂ ನೋಡಿರಲಿಲ್ಲ. ನೀಲಾ ನೋಡಿದ್ದರು. ಅಂಗೈ ಅಗಲ, ಹಲ್ಲು ಹಲ್ಲಾದ ಅಂಚು, ಒಂದು ನೂಲೂ ಉದುರದ ನುಣುಪು. ತಮ್ಮ ಕನ್ನಡಕದ ಡಬ್ಬಿ ತೆರೆದು ಅದರೊಳಗಿನ ನೀಲಿ ಅರಿವೆಯನ್ನು ಪಕ್ಕದಲ್ಲಿ ಹಿಡಿದರು. ಬಣ್ಣ ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಸಂಜೆ ನಾಲ್ಕಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103ರ ಅಡಿ ಅಪರಿಚಿತ ಆರೋಪಿಯ ವಿರುದ್ಧ ಕೊಲೆಯ ಎಫ್.ಐ.ಆರ್. ದಾಖಲಾಯಿತು.

ಕಾರ್ಬ್ಯುರೇಟರ್ ಎರಡು ವರ್ಷದ ಹಿಂದೆ ಮುಂಡರಗಿಯ ಗುಜರಿಯಿಂದ ಬಂದದ್ದೆಂದು ತಾರಾಬಾಯಿ ಹೇಳಿದ್ದರು. ಬುಧವಾರ ಮುಂಜಾನೆ ಜೀಪು ಅಲ್ಲಿಗೆ ಹೋಯಿತು. ಗುಜರಿಯ ಮಾಲೀಕ ಹುಲಗಪ್ಪ ಟ್ರ್ಯಾಕ್ಟರ್ ಸೀಟಿನ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ಟ್ರ್ಯಾಕ್ಟರ್ ಇರಲಿಲ್ಲ, ಸೀಟು ಮಾತ್ರ ಇತ್ತು.

"ಬೆಳ್ಳಟ್ಟಿಯೊಳಗ ಒಂದು ಲ್ಯಾಂಡ್‌ಮಾಸ್ಟರ್ ಕೊಟಿಗ್ಯಾಗ ಬಿದ್ದಿತ್ರಿ. ತಂದು ಒಡದೆ. ಅದರ ಕಾರ್ಬ್ಯುರೇಟರ್ ಬೇಕು ಅಂತ ಇಬ್ಬರು ಬಂದಿದ್ರು, ಒಂದ ಮೋಟರ್‌ಸೈಕಲ್ ಮ್ಯಾಲ."

"ಯಾರ್‍ಯಾರು?"

"ಬೆಟಗೇರಿ ಮಾಸ್ತರು. ಹಿಂದ ಕುಂತಂವ ಅವರ ಶಿಷ್ಯಾ, ಲಕ್ಷ್ಮೇಶ್ವರದಂವ. ಅವನ ಹಂತೇಕನೂ ಅಂಥಾದ ಗಾಡಿ ಐತಂತ. ಆದ್ರ ಅದು ಓಡಂಗಿಲ್ಲ, ನಿಂತೈತಿ."

"ಸಾಮಾನು ಯಾರು ಒಯ್ದ್ರು?"

"ಮಾಸ್ತರು. ಶಿಷ್ಯಾ ಕೈಯಾಗ ಹಿಡಕೊಂಡ ನಿಂತಿದ್ದರಿ, ಕೂಸು ಹಿಡಕೊಂಡಂಗ. ಮಾಸ್ತರು 'ನಿನ್ನ ಕೈಯಾಗ ಹಾಳಾಕ್ಕೈತೋ, ಮುಂದಿಂದು ನಿನಗ' ಅಂದು ಕಸಗೊಂಡ್ರು. ಅಂವ ನಕ್ಕಾ. ನಗೂದಲ್ಲ ಅದು, ಹಲ್ಲು ತಗದಾ ಅಷ್ಟ."

"ಬ್ಯಾರೆ ಯಾರಿಗರೆ ಬೇಕಾಗತೈತೇನು ಅದು?"

"ಯಾರಿಗ್ರಿ? ಇಂಥ ಗಾಡಿ ಈ ಸೀಮ್ಯಾಗ ಎರಡ. ತೂಕಕ್ಕ ಹಾಕಿದ್ರ ನನಗ ಒಂದು ಚಾ ಸುದ್ದಾ ಬರಂಗಿಲ್ಲ."

"ಶಿಷ್ಯಾ ಏನು ಕೆಲಸ ಮಾಡತಾನ?"

"ಚಾಳೀಸಿನ ಅಂಗಡಿ ಇಟ್ಟಾನ್ರಿ. ಕನ್ನಡಕದ್ದು."

ಹನಮಪ್ಪ ಮೇಡಂ ಮುಖ ನೋಡಿದ. ಮೇಡಂ ಜೀಪಿನತ್ತ ಹೊರಟಾಗಿತ್ತು.

ಫಕೀರೇಶ ಬೂದಿಹಾಳ, ವಯಸ್ಸು 46, ಲಕ್ಷ್ಮೇಶ್ವರದ ಬಜಾರಿನಲ್ಲಿ ತನ್ನ ಅಂಗಡಿಯೊಳಗೆ ಒಬ್ಬ ಮುದುಕಿಗೆ ಅಕ್ಷರದ ಹಲಗೆ ಓದಿಸುತ್ತಿದ್ದ. ಮುದುಕಿಗೆ ಓದಲು ಬರುತ್ತಿರಲಿಲ್ಲ. ಅವನು ತಾಳ್ಮೆಯಿಂದ ಹಲಗೆ ತಿರುಗಿಸಿ ಚಿತ್ರ ತೋರಿಸಿದ. ಆಕೆ ಹೋಗುವವರೆಗೆ ನೀಲಾ ಕಾದರು.

"ಮಾಸ್ತರ ಮನಿಗೆ ಹೋಗಿ ಬಂದ್ರೇನು?"

"ಸೋಮವಾರ ಹೋಗಿದ್ದೆರಿ. ನನಗ ಕಲಿಸಿದ ಗುರುಗಳು." ಅವನ ಕಣ್ಣುಗಳು ನಿಜವಾಗಿಯೂ ಒದ್ದೆಯಾದವು. "ತಾರಾಬಾಯಿ ಅಕ್ಕಾರಿಗೆ ಹೇಳಿ ಬಂದೇನಿ, ಗಾಡಿ ಗುಜರಿಗೆ ಕೊಡಬ್ಯಾಡ್ರಿ ಅಂತ."

"ಭಾನುವಾರ ಎಲ್ಲಿದ್ರಿ?"

"ಮನ್ಯಾಗ. ವಾರದ ರಜಾ."

ನೀಲಾ ತಮ್ಮ ಕನ್ನಡಕ ತೆಗೆದರು. "ಒರಸಾಕ ಒಂದು ಅರಿವಿ ಕೊಡ್ರಿ."

ಫಕೀರೇಶ ಡ್ರಾಯರಿನಿಂದ ಕಟ್ಟು ತೆಗೆದು ಒಂದನ್ನು ಕೊಟ್ಟ. ಹಸಿರು. ಅಂಥ ಅರಿವೆ ಯಾವ ಕನ್ನಡಕದ ಅಂಗಡಿಯಲ್ಲಾದರೂ ಸಿಗುತ್ತದೆ; ಅದೊಂದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರೆ ಆರೋಪಿಯ ವಕೀಲ ತನ್ನ ಕಿಸೆಯಿಂದಲೂ ಒಂದನ್ನು ತೆಗೆದು ತೋರಿಸುತ್ತಾನೆ. ನೀಲಾ ಗಾಜು ಒರೆಸಿಕೊಂಡು, ಅರಿವೆ ವಾಪಸು ಕೊಡದೆ ಕೇಳಿದರು.

"ನಿಮ್ಮ ಗಾಡಿ ತೋರಸ್ರಿ."

ಆಗ ಅವನು ಕುಳಿತುಕೊಂಡ.

ಮನೆ ಎರಡು ಓಣಿ ಆಚೆ. ಹಿತ್ತಲಲ್ಲಿ ತಾಡಪತ್ರಿಯ ಕೆಳಗೆ ಲ್ಯಾಂಡ್‌ಮಾಸ್ಟರ್ ನಿಂತಿತ್ತು. ಅದರ ಸುತ್ತ ಏಳೆಂಟು ಕೋಳಿಗಳು ಬೇದಖಲಾದ ಬಾಡಿಗೆದಾರರಂತೆ ಓಡಾಡುತ್ತಿದ್ದವು. ಫಕೀರೇಶನ ಹೆಂಡತಿ ರೋಜಾ ಪೊಲೀಸರನ್ನು ನೋಡಿ ಮೊದಲು ಹೇಳಿದ್ದೇ ಕೋಳಿಯ ವಿಷಯ.

"ಹದಿನಾರು ವರ್ಷಾ ಅದರಾಗ ತತ್ತಿ ಇಟ್ಟಾವ್ರಿ. ಭಾನುವಾರ ಸಂಜೀಕ ಇವರು ಬಂದವರ ಕೋಳಿ ಎಲ್ಲಾ ಹೊರಗ ಹಾಕಿ, ಸೀಟ್ ತೊಳದು, ಬಾಗಲಾ ಹಾಕ್ಯಾರ. ಏನ್ ಹುಚ್ಚು ಹಿಡೀತೋ."

"ಎಲ್ಲಿಂದ ಬಂದ್ರವ್ವಾ, ಭಾನುವಾರ?"

"ಬೆಟಗೇರಿಂದರಿ. ಮಾಸ್ತರ ಮನಿಗೆ ಹೋಗಿದ್ರಲ್ಲ," ಎಂದು ಗಂಡನ ಮುಖ ನೋಡಿ, ಬಾಯಿಗೆ ಸೆರಗು ಹಿಡಿದಳು.

ಆ ಓಣಿಯ ಇಬ್ಬರನ್ನು ಪಂಚರೆಂದು ಕರೆಸಿ, ಅವರ ಎದುರು ಬಾನೆಟ್ ತೆರೆಸಿದರು. ತುಕ್ಕಿನ ನಡುವೆ ಒಂದೇ ಒಂದು ವಸ್ತು ಹೊಳೆಯುತ್ತಿತ್ತು. ಅದರ ಹೊಟ್ಟೆಯ ಮೇಲೆ 'ಪ.ಕ.' ಎಂದು ಕೊರೆದಿತ್ತು. ಅದನ್ನು ಉಜ್ಜಿ ಅಳಿಸಲು ಮೂರು ದಿನ ಸಮಯವಿತ್ತು, ಅವನು ಅಳಿಸಿರಲಿಲ್ಲ. ಗೀರು ಬೀಳುತ್ತದೆ ಎಂದು ಆಮೇಲೆ ಹೇಳಿದ.

ಫಕೀರೇಶ ಒಗೆಯುವ ಕಲ್ಲಿನ ಮೇಲೆ ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಸರ್ ಕೆಳಗ ಮಲಗಿದ್ರು. ನಾನು ಪಾನಾ ಕೊಡಕೋತ ಕುಂತಿದ್ದೆ. ಅವರ ಗಾಡಿ ಗಿಯರಿನ ಹಲ್ಲು ಸವದಿದ್ವು. 'ನಿನ್ನ ಗಾಡೀದು ಬಿಚ್ಚಿಕೊಂಡು ಬಾರೋ' ಅಂದ್ರು. 'ಅದರ ಎಲ್ಲಾನೂ ಬಿಚ್ಚೋಣು. ನಂದರೆ ಇನ್ನೊಂದು ಇಪ್ಪತ್ತು ವರ್ಷ ಓಡ್ತದ. ಹೆಂಗೂ ಅದು ಕೋಳಿ ಗೂಡು.'"

"ನೀವೇನು ಅಂದ್ರಿ?"

"ಹೂಂ ಸರ್, ಅಂದೆ."

"ಆಮ್ಯಾಲ?"

"ಬೆಳಕ ಬರವಲ್ದು ಸರ್, ಗಾಲಿ ಸರಸ್ಲೇನು, ಅಂತ ಕೇಳಿದೆ. 'ನೀ ಕೂತೀಯಲ್ಲ, ಸರಸು' ಅಂದ್ರು. ಸರಸಿದೆ, ಜ್ಯಾಕ್ ಇಳಿಸಿದೆ."

ನೀಲಾ ಕೇಳಿದರು. "ನೋಡಿ ಹೇಳ್ರಿ. ಕೋಳಿ ಗೂಡು ಅಂದದ್ದು ಮೊದಲೋ, ಗಾಲಿ ಸರಸಿದ್ದು ಮೊದಲೋ?"

ಅವನಿಗೆ ಪ್ರಶ್ನೆ ಅರ್ಥವಾಯಿತು: ಅಂದ ಮೇಲೆ ಸರಿಸಿದ್ದಾದರೆ ಬೆಳಕು ಬರೀ ನೆಪ. ಓದಿದ ಮನುಷ್ಯ.

"ಅಂದದ್ದು ಮೊದಲ್ರಿ."

ಹನಮಪ್ಪ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಮತ್ತೆ ಬರೆದ.

"ಕಾರ್ಬ್ಯುರೇಟರ್ ತಗದದ್ದು?"

"ಅವರ ಉಸರ ನಿಂತ ಮ್ಯಾಲೆ. ಎರಡು ನಟ್ ಅಷ್ಟರಿ."

"ಅರಿವಿ?"

ಫಕೀರೇಶ ಮೊದಲ ಸಲ ತಲೆ ಎತ್ತಿದ. "ಹಂಗ ಬಿಡಾಕ ಬರಂಗಿಲ್ಲಲ್ರಿ. ಧೂಳ ಹೊಕ್ಕತೈತಿ. ಸರ್ ಕಲಿಸಿದ್ದ ಅದು."

ಮಧ್ಯಾಹ್ನ ಎರಡು ಗಂಟೆಗೆ ಅವನನ್ನು ದಸ್ತಗಿರಿ ಮಾಡಿದರು. ಕಾರ್ಬ್ಯುರೇಟರನ್ನು ಜಪ್ತಿ ಮಾಡಲು ಬಿಚ್ಚಬೇಕಿತ್ತು. ಹನಮಪ್ಪ ಪಾನಾ ಹಿಡಿದು ಬಗ್ಗಿದಾಗ ಆರೋಪಿ ಎದ್ದು ನಿಂತ.

"ಮೇಡಂರ, ಒಮ್ಮೆ ಚಾಲೂ ಮಾಡಲೇನ್ರಿ? ಬಿಚ್ಚೂಕಿಂತ ಮೊದಲ."

"ಮೂರು ದಿನಾ ಇತ್ತಲ್ಲ. ಮಾಡಲಿಲ್ಲೇನು?"

"ಹೆಂಗ ಮಾಡ್ಲಿ? ಹದಿನಾರು ವರ್ಷ ಸುಮ್ನ ನಿಂತ ಗಾಡಿ. ಸಪ್ಪಳಾದ್ರ ಓಣ್ಯಾಗಿನ ಮಂದೆಲ್ಲಾ ಓಡಿ ಬರತಾರ, ಕಾರ್ಬ್ಯುರೇಟರ್ ಎಲ್ಲಿ ಸಿಕ್ತೋ ಅಂತ ಕೇಳತಾರ." ಕಾರಿನ ಬಾಗಿಲು ಮುಟ್ಟಿ, "ರಾತ್ರಿ ಒಳಗ ಕುಂತು ಬರೇ ಸ್ಟೀರಿಂಗ್ ಹಿಡೀತಿದ್ದೆ," ಎಂದ.

ನೀಲಾ ಕಾರನ್ನು ನೋಡಿದರು. ಅದು ಸಾಕ್ಷ್ಯವಾಗಿತ್ತು.

"ಬಿಚ್ಚು, ಹನಮಪ್ಪಾ."

ಜಪ್ತಿ ಪಂಚನಾಮೆಯ ಕೊನೆಯ ಸಾಲು ಹೀಗಿದೆ: 'ಸದರಿ ವಾಹನವು ಚಾಲನಾ ಸ್ಥಿತಿಯಲ್ಲಿ ಇರುವುದಿಲ್ಲ.'

ಬೆಟಗೇರಿಗೆ ಮರಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಆರೋಪಿಯನ್ನು ಠಾಣೆಯಲ್ಲಿಳಿಸಿ ನೀಲಾ ತಾರಾಬಾಯಿಯ ಮನೆಗೆ ಹೋದರು. ಯಾರು, ಯಾಕೆ ಎಂಬುದನ್ನು ಹೊಸ್ತಿಲ ಹೊರಗೇ ನಿಂತು ಹೇಳಿದರು. ತಾರಾಬಾಯಿ ಅಳಲಿಲ್ಲ. ಸೋಮವಾರ ಅವನಿಗೆ ತಾವೇ ನೀರು ಕೊಟ್ಟದ್ದನ್ನು ಒಮ್ಮೆ ನೆನೆಸಿಕೊಂಡರು.

"ನಿಮ್ಮ ಮಾತು ಖರೆ ಇತ್ರಿ, ಬಾಯಾರ," ಎಂದರು ನೀಲಾ. "ಮಾಸ್ತರು ಗಾಲಿ ಮರತಿರಲಿಲ್ಲ. ಕೆಳಗ ಇಟ್ಟಿದ್ರು. ಅಂವ ಸರಸ್ಲೇನು ಅಂತ ಕೇಳ್ಯಾನ. 'ನೀ ಕೂತೀಯಲ್ಲ, ಸರಸು' ಅಂದಾರ."

ಶೆಡ್ಡಿನ ಕಡೆ ಕತ್ತಲಾಗಿತ್ತು. ತಾರಾಬಾಯಿ ಆ ಕಡೆ ತಿರುಗಿದರು.

"ನಾ ಸರಸಿದಾಗ ಎರಡು ದಿನಾ ಮಾತು ಬಿಟ್ಟಿದ್ರು," ಎಂದರು.